ಹೊಸಮನೆಯ ಅಜ್ಜ ಮತ್ತು ತೊಂಬತ್ತು ನಿಮಿಷದ ರಾಜಕೀಯ

ಶಿವಮೊಗ್ಗ ಜಿಲ್ಲೆಯಲ್ಲಿ ‘ಹೊಸಮನೆಗೆ ಹೋಗಬೇಕು’ ಎಂದರೆ ‘ಯಾವ ಹೊಸಮನೆ?’ ಎಂಬ ಮರುಪ್ರಶ್ನೆ ಖಂಡಿತ. ಶಿವಮೊಗ್ಗ ನಗರದಲ್ಲೊಂದು ಹೊಸಮನೆ ಬಡಾವಣೆಯಿದೆ, ಭದ್ರಾವತಿಯಲ್ಲಿ ಇನ್ನೊಂದಿದೆ. ಎರಡರ ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇಲ್ಲಿ ಹೇಳಹೊರಟಿರುವುದು ಭದ್ರಾವತಿಯ ಹೊಸಮನೆಯ ವಿಷಯ.

ಪ್ರವಾಸಿಗರು ಈ ಬಡಾವಣೆಗೆ ಬರುವುದಿಲ್ಲ. ಭದ್ರಾವತಿಗೆ ಬಂದವರು ಹಳೇನಗರದ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ನೋಡುತ್ತಾರೆ, ಭದ್ರಾ ನದಿಯ ಸೇತುವೆಯ ಮೇಲೆ ಒಂದು ಕ್ಷಣ ನಿಲ್ಲುತ್ತಾರೆ, ಕಾರ್ಖಾನೆಯ ಚಿಮಣಿಗಳನ್ನು ದೂರದಿಂದಲೇ ನೋಡಿ ಮುಂದೆ ಸಾಗುತ್ತಾರೆ. ಆದರೆ ಈ ಊರಿನ ಮನಸ್ಸು ತಿಳಿಯಬೇಕಾದರೆ ಸಂಜೆ ಐದರ ಮೇಲೆ ಹೊಸಮನೆಯ ಯಾವುದಾದರೂ ಚಹಾ ಅಂಗಡಿಯ ಮುಂದೆ ಅರ್ಧ ಗಂಟೆ ಕುಳಿತಿರಬೇಕು. ಅಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಇವರನ್ನೆಲ್ಲ ಒಂದೆಡೆ ತಂದದ್ದು ಕಬ್ಬಿಣ.

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿಗೆ 1918ರಲ್ಲಿ ಕಾರ್ಖಾನೆ ಬಂತು. 1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಸೌದೆ ಇತ್ತು. ಗಾಳಿಯಾಡದ ಪಾತ್ರೆಯಲ್ಲಿ ಸೌದೆಯನ್ನು ಕಾಯಿಸಿದರೆ ಅದು ಉರಿದು ಬೂದಿಯಾಗುವುದಿಲ್ಲ, ಇದ್ದಿಲಾಗಿ ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಮೆಥನಾಲ್, ಅಸಿಟಿಕ್ ಆಮ್ಲ, ಟಾರು ದೊರೆಯುತ್ತವೆ. ಆ ಇದ್ದಿಲು ಮತ್ತು ಕೆಮ್ಮಣ್ಣುಗುಂಡಿಯ ಅದಿರು ಸೇರಿ ಕಬ್ಬಿಣವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ಕೈಹಿಡಿದು ನಡೆಸಿದರು. ಮುಂದೆ ಅದಕ್ಕೆ ಅವರ ಹೆಸರೇ ಬಂತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು.

ಕ್ರಿಕೆಟಿನ ಊರಲ್ಲಿ ಫುಟ್‌ಬಾಲ್

ಭದ್ರಾವತಿ ಎಂದರೆ ಕ್ರೀಡಾಪ್ರಿಯರಿಗೆ ಮೊದಲು ನೆನಪಾಗುವ ಹೆಸರು ಜಿ.ಆರ್. ವಿಶ್ವನಾಥ್. 1949ರಲ್ಲಿ ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಆದರೆ ಹೊಸಮನೆಯ ಈ ಚಹಾ ಅಂಗಡಿಯ ಬೆಂಚಿನ ಮೇಲೆ ದಿನವೂ ಬಂದು ಕೂರುವ ಹಿರಿಯರೊಬ್ಬರಿಗೆ ಕ್ರಿಕೆಟ್ ರುಚಿಸುವುದಿಲ್ಲ. ಕಾರ್ಖಾನೆಯಲ್ಲಿ ನಾಲ್ಕು ದಶಕಗಳ ಹತ್ತಿರ ದುಡಿದು ನಿವೃತ್ತರಾದ ಅವರನ್ನು ಬೀದಿಯ ಮಕ್ಕಳೆಲ್ಲ ಅಜ್ಜ ಎಂದೇ ಕರೆಯುತ್ತಾರೆ. ಕ್ರಿಕೆಟ್ ಯಾಕೆ ಬೇಡ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ:

‘ಪಾಳಿ ಮುಗಿಸಿ ಬರೋನಿಗೆ ಐದು ದಿನದ ಆಟ ಯಾಕ್ರಪ್ಪ? ಒಂದು ಚೆಂಡು, ಒಂದೂವರೆ ಗಂಟೆ. ಭಾಷೆ ಬರದಿದ್ರೂ ಆಡಬಹುದು.’

ಅಜ್ಜನ ಜೇಬಿನಲ್ಲಿ ಮಡಿಸಿದ ದಿನಪತ್ರಿಕೆ ಇರುತ್ತದೆ. ಕ್ರೀಡಾಪುಟ ಮುಗಿದ ಮೇಲೆ ಮುಖಪುಟ. ಆದರೆ ಮುಖಪುಟವನ್ನೂ ಅವರು ಫುಟ್‌ಬಾಲಿನ ಕಣ್ಣಿನಿಂದಲೇ ಓದುತ್ತಾರೆ. ದೆಹಲಿ, ಬೆಂಗಳೂರುಗಳ ರಾಜಕೀಯಕ್ಕೆ ಅವರ ಬಳಿ ಮೂರೇ ನಿಯಮಗಳು. ಒಂದು, ಎರಡೂ ಕಡೆಗೆ ಒಂದೇ ಸೀಟಿ. ಎರಡು, ತುಣುಕು ನೋಡಿ ತೀರ್ಪು ಕೊಡಬಾರದು, ತೊಂಬತ್ತು ನಿಮಿಷವನ್ನೂ ನೋಡಬೇಕು. ಮೂರು, ಎದುರಾಳಿ ಒಳ್ಳೆಯ ಗೋಲು ಹೊಡೆದರೆ ಚಪ್ಪಾಳೆ ತಟ್ಟಬೇಕು.

ಆಫ್‌ಸೈಡ್ ತೀರ್ಪಿನ ಬಗ್ಗೆ ಅವರು ಹೇಳುವ ಮಾತನ್ನು ಪ್ರತಿ ವಿದ್ಯಾರ್ಥಿಯೂ ಕೇಳಬೇಕು. ಗೆರೆಯ ನೇರಕ್ಕೆ ನಿಂತವನಿಗೆ ಮಾತ್ರ ಆಫ್‌ಸೈಡ್ ಸರಿಯಾಗಿ ಕಾಣುತ್ತದೆ. ಗೋಲಿನ ಹಿಂದೆ ಕೂತವನು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಪ್ರಯೋಗಶಾಲೆಯಲ್ಲಿ ಅಳತೆಪಟ್ಟಿಯನ್ನು ಓರೆಯಾಗಿ ನೋಡಿದರೆ ಅಂಕಿ ತಪ್ಪುವಂತೆಯೇ ಇದು. ಅಂಕಿ ಅಲ್ಲೇ ಇರುತ್ತದೆ, ತಪ್ಪಾಗಿರುವುದು ನೋಡುವವನ ಜಾಗ. ‘ನಮ್ಮ ಪಕ್ಷದವನ ಫೌಲು ನಮಗೆ ಕಾಣದೇ ಇರೋದು ಕಣ್ಣಿನ ದೋಷ ಅಲ್ಲ, ಕೂತ ಜಾಗದ ದೋಷ’ ಎನ್ನುತ್ತಾರೆ ಅಜ್ಜ.

ಲಂಡನ್, ಜಕಾರ್ತಾ, ಜ್ಯೂರಿಕ್

‘ಆಟದಲ್ಲಿ ರಾಜಕೀಯ ಬೇಡ’ ಎಂದು ಯಾರಾದರೂ ಅಂದರೆ ಅಜ್ಜ ನಗುತ್ತಾರೆ. ಅವರು ಹುಟ್ಟಿದ್ದು 1948ರಲ್ಲಿ. ಆ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ಹಲವು ಆಟಗಾರರು ಬರಿಗಾಲಿನಲ್ಲಿದ್ದರು. ಭಾರತದ ಪರ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದು ದೇಶದ ಮೊದಲ ಗೋಲು. ಎರಡು ಪೆನಾಲ್ಟಿ ತಪ್ಪಿಸಿಕೊಂಡ ಭಾರತ 2–1ರಿಂದ ಸೋತಿತು. ಒಂದು ವರ್ಷದ ಹಿಂದೆಯಷ್ಟೇ ಸ್ವತಂತ್ರವಾಗಿದ್ದ ದೇಶ ಆಳಿದವರ ರಾಜಧಾನಿಯಲ್ಲಿ ತಲೆಯೆತ್ತಿ ಆಡಿತ್ತು. ಅದು ರಾಜಕೀಯವಲ್ಲದೆ ಮತ್ತೇನು ಎಂಬುದು ಅವರ ಪ್ರಶ್ನೆ.

ಎರಡನೆಯ ಉದಾಹರಣೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಇಂಡೊನೇಷ್ಯಾ ಹೊರಗಿಟ್ಟಿತು. ಅದು ಸರಿಯಲ್ಲವೆಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪಿಸಿದರು. ಅಲ್ಲಿನ ಜನ ಕೆರಳಿದರು. ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ನಡೆಯಿತು. ಫುಟ್‌ಬಾಲ್ ಫೈನಲ್‌ನಲ್ಲಿ ಇಡೀ ಕ್ರೀಡಾಂಗಣವೇ ಭಾರತದ ವಿರುದ್ಧ ಕೂಗುತ್ತಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ 2–0ರಿಂದ ಸೋತಿದ್ದ ತಂಡ ಅಂದು ಅದೇ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದಿತು. ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರೆ, ತಲೆಗೆ ಹೊಲಿಗೆ ಹಾಕಿಸಿಕೊಂಡೇ ಆಡಿದ ಜರ್ನೈಲ್ ಸಿಂಗ್ ಇನ್ನೊಂದು ಹೊಡೆದರು. ಆಗ ಅಜ್ಜನಿಗೆ ಹದಿನಾಲ್ಕು ವರ್ಷ. ‘ಎಲ್ಲರೂ ಬೈದ್ರೂ ಸರಿ ಅನ್ನಿಸಿದ್ದನ್ನ ಹೇಳ್ಬೇಕು. ಆಮೇಲೆ ಆಡಿ ತೋರಿಸ್ಬೇಕು’ ಎಂಬ ಪಾಠ ಅವರಿಗೆ ಸಿಕ್ಕಿದ್ದು ಅಲ್ಲಿಂದ.

ಹಾಗೆಂದು ಆಟದ ಆಡಳಿತವನ್ನು ರಾಜಕಾರಣಿಗಳ ಕೈಗೆ ಒಪ್ಪಿಸುವುದು ಅವರಿಗೆ ಇಷ್ಟವಿಲ್ಲ. 2022ರ ಆಗಸ್ಟ್‌ನಲ್ಲಿ, ದೇಶ ಸ್ವಾತಂತ್ರ್ಯದ ಎಪ್ಪತ್ತೈದನೇ ವರ್ಷ ಆಚರಿಸುತ್ತಿದ್ದಾಗಲೇ, ಜ್ಯೂರಿಕ್‌ನ ಫಿಫಾ ಸಂಸ್ಥೆ ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಭಾರತದ ಒಕ್ಕೂಟವನ್ನು ಅಮಾನತು ಮಾಡಿತು. ಹನ್ನೆರಡು ದಿನಗಳೊಳಗೆ ಅಮಾನತು ತೆರವಾಯಿತು. ಸೆಪ್ಟೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್, ಬಿಜೆಪಿಯ ಕಲ್ಯಾಣ್ ಚೌಬೆ ಅಧ್ಯಕ್ಷರಾದರು. ಬೆಂಗಳೂರಿನ ಕಾಂಗ್ರೆಸ್ ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ‘ನೋಡ್ರಪ್ಪ, ಹೊರಗೆ ಕಚ್ಚಾಡೋರು ಒಳಗೆ ಒಂದೇ ಮೇಜಲ್ಲಿ ಕೂರ್ತಾರೆ. ಅದು ತಪ್ಪಲ್ಲ. ಹಂಗೆ ಕೂತು ಹುಡುಗರಿಗೆ ಮೈದಾನ ಮಾಡಿಕೊಟ್ರಾ ಅನ್ನೋದನ್ನ ಮಾತ್ರ ಕೇಳಿ’ ಎಂದು ಅಜ್ಜ ಅಂಗಡಿಯಲ್ಲಿ ಹೇಳಿದ್ದರು.

2023ರ ಮೂರು ತಿಂಗಳು

ಈ ನಿಯಮಗಳೆಲ್ಲ ಅಜ್ಜನಿಗೇ ಪರೀಕ್ಷೆಯಾದದ್ದು 2023ರಲ್ಲಿ. ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ಕೇಂದ್ರ 2016ರಲ್ಲೇ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಕೊಳ್ಳುವವರು ಆಸಕ್ತಿ ತೋರದೆ 2022ರ ಅಕ್ಟೋಬರ್‌ನಲ್ಲಿ ಆ ಪ್ರಯತ್ನ ನಿಂತಿತು. ಊರು ನಿಟ್ಟುಸಿರು ಬಿಡುವಷ್ಟರಲ್ಲಿ, 2023ರ ಜನವರಿಯಲ್ಲಿ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳದು! ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಫೆಬ್ರುವರಿ 27ರಂದು ಹತ್ತಿರದ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣವನ್ನು ಪ್ರಧಾನಿ ಉದ್ಘಾಟಿಸಿದರು. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು.

ಆ ಟ್ರೋಫಿ ಹಿಂದಿನ ಸಲ ಬಂದದ್ದು 1968–69ರಲ್ಲಿ. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಅಜ್ಜ ಕೆಲಸಕ್ಕೆ ಸೇರಿದ ಹೊಸತು. ಐವತ್ನಾಲ್ಕು ವರ್ಷಗಳ ಮೇಲೆ, ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಸಲ ಗೆದ್ದ ಸುದ್ದಿ ಓದಿ ಅವರು ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕೊಡಿಸಿದರು. ವಿಮಾನ ನಿಲ್ದಾಣಕ್ಕೂ ಅವರು ಚಪ್ಪಾಳೆ ತಟ್ಟಿದವರೇ. ‘ಒಳ್ಳೇ ಗೋಲು, ಒಪ್ಕೋಬೇಕು’ ಎಂದರು. ಆದರೆ ಕಾರ್ಖಾನೆಯ ಮಾತು ಬಂದಾಗ ದನಿ ಏರಿತು. ಪಕ್ಕದ ಕಾಗದ ಕಾರ್ಖಾನೆಯ ಯಂತ್ರಗಳು ಆ ವೇಳೆಗಾಗಲೇ ನಿಂತು ವರ್ಷಗಳಾಗಿದ್ದವು. ಅದು ರಾಜ್ಯ ಸರ್ಕಾರದ್ದು, ಇದು ಕೇಂದ್ರದ್ದು. ‘ಎರಡು ಕಡೆ ಎರಡು ಪಕ್ಷ. ಫೌಲು ಒಂದೇ. ಸೀಟಿ ಮಾತ್ರ ಬೇರೆ ಬೇರೆ ಊದ್ತೀರಲ್ಲ!’ ಎಂದು ಎರಡೂ ಪಕ್ಷದ ಹುಡುಗರನ್ನು ಗದರಿದರು.

ಆಗ ಎದ್ದು ನಿಂತದ್ದು ಅವರ ಮೊಮ್ಮಗಳೇ. ಕಾಲೇಜಿನಲ್ಲಿ ಓದುವ ಹುಡುಗಿ. ಅಜ್ಜನನ್ನು ಊಟಕ್ಕೆ ಕರೆಯಲು ಬಂದಿದ್ದಳು.

‘ಅಜ್ಜ, ಒಂದು ಕೇಳ್ಲಾ? ಒಂದು ತಂಡ ವರ್ಷ ವರ್ಷ ಸೋಲ್ತಾನೇ ಇದ್ರೆ ಕೆಳಗಿನ ದರ್ಜೆಗೆ ಇಳಿಸ್ತಾರೆ ಅಂತ ನೀನೇ ಹೇಳ್ತೀಯ. ಕಾರ್ಖಾನೆ ನಷ್ಟದಲ್ಲೇ ಇದ್ರೆ ಬೇರೆಯೋರ ತೆರಿಗೆ ದುಡ್ಡಲ್ಲಿ ಯಾಕೆ ನಡೆಸ್ಬೇಕು? ನಮ್ಮೂರಿನ ತಂಡ ಅಂತ ನಿಯಮ ಬದಲಾಗುತ್ತಾ?’

ಅಂಗಡಿ ಸ್ತಬ್ಧವಾಯಿತು. ಅಜ್ಜ ಉತ್ತರ ಕೊಡಲಿಲ್ಲ. ಲೋಟ ಕೆಳಗಿಟ್ಟು ಎದ್ದು ಮನೆಗೆ ನಡೆದರು. ಮರುದಿನ ಬೆಂಚು ಖಾಲಿಯಾಗಿತ್ತು.

ಮೂರನೆಯ ದಿನ ಬಂದರು. ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ‘ಚೆಂಡೇ ಕೊಡದೆ ಗೋಲು ಹೊಡೀಲಿಲ್ಲ ಅಂದ್ರೆ ಆಟಗಾರನ ತಪ್ಪಾ? ಕೆಮ್ಮಣ್ಣುಗುಂಡಿ ಅದಿರು ನಿಂತ್ಮೇಲೆ ನಮ್ ಕಾರ್ಖಾನೆಗೆ ಸ್ವಂತ ಗಣಿ ಇಲ್ಲ. ಹೊಸ ಯಂತ್ರಕ್ಕೆ ದುಡ್ಡು ಬರ್ಲಿಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು: ‘ಆದ್ರೆ ನೀ ಕೇಳಿದ್ದು ಸರಿ. ನಾನು ಗೋಲಿನ ಹಿಂದೆ ಕೂತೋನು. ನಂಗೆ ಗೆರೆ ಸರಿಯಾಗಿ ಕಾಣಲ್ಲ. ನಾವು ದುಡಿದೋರು ಎಲ್ಲೆಲ್ಲಿ ತಪ್ಪಿದ್ವಿ ಅನ್ನೋದನ್ನೂ ಲೆಕ್ಕಕ್ಕೆ ಹಾಕ್ಬೇಕು. ಲೆಕ್ಕ ಪೂರ್ತಿ ಮುಂದಿಡ್ಲಿ. ಆಮೇಲೆ ಸೋತಿದ್ದೀವಿ ಅಂದ್ರೆ ಒಪ್ಕೋತೀನಿ.’

ಇಷ್ಟು ವರ್ಷಗಳಲ್ಲಿ ಅಜ್ಜ ತಮ್ಮ ತಂಡದ ವಿರುದ್ಧ ಸೀಟಿ ಊದಿದ್ದು ಅದೇ ಮೊದಲು ಎಂದು ಅಂಗಡಿಯವರು ಈಗಲೂ ಹೇಳುತ್ತಾರೆ.

ಮೇ 10ರಂದು ವಿಧಾನಸಭಾ ಚುನಾವಣೆ. ಮೊಮ್ಮಗಳಿಗೆ ಅದು ಮೊದಲ ಮತ. ‘ಯಾರಿಗೆ ಹಾಕ್ಲಿ?’ ಎಂದು ಅವಳೂ ಕೇಳಲಿಲ್ಲ, ಅಜ್ಜನೂ ಹೇಳಲಿಲ್ಲ. ‘ಐದು ವರ್ಷದ ಆಟ ನೋಡು. ಕೊನೇ ಐದು ನಿಮಿಷ ಮಾತ್ರ ನೋಡ್ಬೇಡ’ ಎಂದಷ್ಟೇ ಅಂದು ಮತಗಟ್ಟೆಯ ಸಾಲಿನಲ್ಲಿ ಅವಳ ಹಿಂದೆ ನಿಂತರು.

ಒಂದೇ ಕೊಡೆಯಡಿ

ಅಭಿಮಾನಿಗಳು ಕೂಗುವುದಕ್ಕಷ್ಟೇ ಲಾಯಕ್ಕು ಎನ್ನುವವರಿಗೆ ಅಜ್ಜ ಈಚೆಗೆ ಹೇಳುವುದು ಕೋಲ್ಕತ್ತದ ಕಥೆ. ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಅಭಿಮಾನಿಗಳ ಪೈಪೋಟಿ ತಲೆಮಾರುಗಳಷ್ಟು ಹಳೆಯದು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯೊಬ್ಬರ ಹತ್ಯೆಯಾಯಿತು. ಊರೆಲ್ಲ ಪ್ರತಿಭಟನೆಯಲ್ಲಿದ್ದಾಗ, ಭದ್ರತೆಯ ಕಾರಣ ನೀಡಿ ಎರಡೂ ತಂಡಗಳ ಡುರಾಂಡ್ ಕಪ್ ಪಂದ್ಯವನ್ನು ರದ್ದು ಮಾಡಲಾಯಿತು. ಪಂದ್ಯ ನಡೆಯಬೇಕಿದ್ದ ಆಗಸ್ಟ್ 18ರಂದು ಎರಡೂ ತಂಡಗಳ ಅಭಿಮಾನಿಗಳು ತಮ್ಮ ತಮ್ಮ ಬಾವುಟ ಹಿಡಿದು ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ಆ ಹೆಣ್ಣುಮಗಳಿಗೆ ನ್ಯಾಯ ಕೇಳಿದರು. ‘ಬಣ್ಣ ಬಿಡ್ಬೇಕಿಲ್ಲ. ಬಣ್ಣ ಇಟ್ಕೊಂಡೇ ಒಂದಾಗಬಹುದು’ ಎನ್ನುವುದು ಅಜ್ಜನ ವ್ಯಾಖ್ಯಾನ. ಭದ್ರಾವತಿಯಲ್ಲಿ ಅವರಿಗೆ ಬೇಕಾಗಿರುವುದೂ ಅದೇ.

ಕಾರ್ಖಾನೆಯ ಆಟ 2023ರಲ್ಲಿ ಮುಗಿಯಲಿಲ್ಲ. ಅದೇ ಆಗಸ್ಟ್‌ನಲ್ಲಿ ಬಾರ್ ಮಿಲ್ ಘಟಕ ಮತ್ತೆ ಚಾಲನೆಗೊಂಡಿತು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಬಂದು ನೋಡಿ ಪುನಶ್ಚೇತನದ ಮಾತನಾಡಿದರು. ಆ ದಿನ ಅಂಗಡಿಯಲ್ಲಿ ಪಟಾಕಿ ತರಲು ಹೊರಟ ಹುಡುಗರನ್ನು ಅಜ್ಜ ತಡೆದರು: ‘ಚೆಂಡು ಬಲೆ ಮುಟ್ಲಿ ತಡೀರಿ.’

ಬೆಂಗಳೂರಿನಿಂದ ಶಿವಮೊಗ್ಗದ ಕಡೆ ಹೋಗುವ ರೈಲುಗಳು ಬೀರೂರು, ತರೀಕೆರೆ ದಾಟಿ ಭದ್ರಾವತಿಗೆ ಬರುತ್ತವೆ. ಮಕ್ಕಳೊಂದಿಗೆ ಬಂದವರು ದೇವಾಲಯ ನೋಡಿ, ನದಿ ನೋಡಿ, ಹೊಸಮನೆಯ ಕಡೆಗೂ ಒಮ್ಮೆ ಬರಬಹುದು. ಬೆಂಚಿನ ಮೇಲೆ ಹೊಸಬರಿಗೂ ಜಾಗ ಉಂಟು. ಮಾತಿಗೆ ಕೂರುವ ಮುನ್ನ ಅಜ್ಜ ಕೇಳುವುದು ಒಂದೇ ಪ್ರಶ್ನೆ: ‘ಪಂದ್ಯ ಪೂರ್ತಿ ನೋಡಿದ್ದೀರಾ?’