ಬಾ ಕೇಳಿದ ನೋಟ್ ಪುಸ್ತಕ

ಅಕ್ಟೋಬರ್ 2 ಸಮೀಪಿಸುತ್ತಿದ್ದಂತೆ ಭಾಷಣ ಬರೆಸಿಕೊಳ್ಳಲು ಮಕ್ಕಳು ನನ್ನ ಬಳಿ ಬರುತ್ತಿದ್ದರು. ಅವರು ತಾವಾಗಿಯೇ ಬರೆದು ತಂದ ಪ್ರಬಂಧಗಳಲ್ಲಿ ಕಸ್ತೂರಬಾ ಅವರಿಗೆ ದೊರೆಯುತ್ತಿದ್ದುದು ಒಂದೇ ವಾಕ್ಯ: ‘ಇವರ ಧರ್ಮಪತ್ನಿಯ ಹೆಸರು ಕಸ್ತೂರಬಾ.’ ಮಕ್ಕಳನ್ನು ದೂರಿ ಫಲವಿಲ್ಲ. ಚರಿತ್ರೆಯ ಪುಸ್ತಕಗಳು ಸಹ ಆಕೆಯನ್ನು ಮಹಾತ್ಮರ ಬೆನ್ನ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತ ಮೌನಮೂರ್ತಿಯಂತೆಯೇ ಚಿತ್ರಿಸಿವೆ. ನಿವೃತ್ತನಾದ ಮೇಲೆ ಬಿಡುವಾಗಿ ಓದಿದಷ್ಟೂ ಆ ಚಿತ್ರ ನನಗೆ ಅಪೂರ್ಣವೆನಿಸುತ್ತ ಬಂದಿದೆ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಪೋರಬಂದರಿನಲ್ಲಿ. ತಂದೆ ಗೋಕುಲದಾಸ ಮಕನ್‌ಜಿ ಅನುಕೂಲಸ್ಥ ವ್ಯಾಪಾರಿ. ಮದುವೆಯಾದಾಗ ವಧೂವರರಿಬ್ಬರಿಗೂ ವಯಸ್ಸು ಹದಿಮೂರರ ಆಸುಪಾಸು. ಹುಡುಗ ಹೈಸ್ಕೂಲಿಗೆ ಹೋಗುತ್ತಿದ್ದ. ಹುಡುಗಿಗೆ ಅಕ್ಷರ ಬರುತ್ತಿರಲಿಲ್ಲ. ಹೆಂಡತಿಗೆ ಓದು ಕಲಿಸಬೇಕೆಂಬ ಹಂಬಲ ತಮಗಿತ್ತೆಂದೂ, ಯೌವನದ ಮೋಹ ಅದಕ್ಕೆ ಎಡೆಗೊಡಲಿಲ್ಲವೆಂದೂ, ಎಚ್ಚರವಾಗುವ ಹೊತ್ತಿಗೆ ಸಾರ್ವಜನಿಕ ಜೀವನ ತಮ್ಮನ್ನು ಎಳೆದುಕೊಂಡಿತ್ತೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಗುಜರಾತಿಯಲ್ಲಿ ಸರಳವಾದ ಕಾಗದವೊಂದನ್ನು ಕಷ್ಟಪಟ್ಟು ಬರೆಯುವಷ್ಟರಲ್ಲೇ ಆಕೆಯ ವಿದ್ಯಾಭ್ಯಾಸ ನಿಂತುಹೋಯಿತು.

ಡರ್ಬನ್ನಿನ ಮನೆಯಲ್ಲಿ ನಡೆದ ಜಗಳವನ್ನು ಬಹುಮಂದಿ ಓದಿರುತ್ತೀರಿ. ಪಂಚಮ ಕುಲದಲ್ಲಿ ಹುಟ್ಟಿದ ಗುಮಾಸ್ತನೊಬ್ಬನ ಮೂತ್ರಪಾತ್ರೆಯನ್ನು ಎತ್ತಲು ಆಕೆ ಕಣ್ಣೀರಿಟ್ಟರು. ಕೋಪಗೊಂಡ ಗಂಡ ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ಅಲ್ಲಿ ಆಕೆ, ನಿಮಗೆ ನಾಚಿಕೆಯಿಲ್ಲವೇ, ಈ ಪರದೇಶದಲ್ಲಿ ನಾನು ಎಲ್ಲಿಗೆ ಹೋಗಲಿ ಎಂದು ಕೇಳಿದರು, ಗಂಡ ತಲೆತಗ್ಗಿಸಿದರು. ಜಾತಿಯ ಸಂಸ್ಕಾರ ಆಕೆಯಲ್ಲಿ ಆಳವಾಗಿತ್ತೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಬಲವಂತದಿಂದ ಹೇರಿದ ಆದರ್ಶ ಎಷ್ಟು ಕ್ರೂರವಾಗಬಲ್ಲದು ಎಂಬ ಪಾಠವನ್ನು ಗಾಂಧೀಜಿ ಕಲಿತದ್ದು ಆಕೆಯಿಂದಲೇ.

1913ರ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಾಧೀಶರೊಬ್ಬರು, ಕ್ರೈಸ್ತ ವಿಧಿಯಂತೆ ನಡೆಯದ, ನೋಂದಣಿಯಾಗದ ಮದುವೆಗಳಿಗೆ ಕಾನೂನಿನ ಮಾನ್ಯತೆಯಿಲ್ಲವೆಂದು ತೀರ್ಪಿತ್ತರು. ಅಂದರೆ ಅಲ್ಲಿದ್ದ ಭಾರತೀಯ ಗೃಹಿಣಿಯರೆಲ್ಲ ಒಂದೇ ದಿನದಲ್ಲಿ ಪತ್ನಿಯೆಂಬ ಸ್ಥಾನವನ್ನೇ ಕಳೆದುಕೊಂಡಂತಾಯಿತು. ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟು ಟ್ರಾನ್ಸ್‌ವಾಲ್ ಗಡಿ ದಾಟಿ ಸೆರೆಯಾದ ಹದಿನಾರು ಜನರ ಮೊದಲ ತಂಡದಲ್ಲಿ ಕಸ್ತೂರಬಾ ಇದ್ದರು. ಮೂರು ತಿಂಗಳ ಕಠಿಣ ಸಜೆಯಾಯಿತು. ಆಗ ಭಾರತದಲ್ಲಿ ಗಾಂಧೀಜಿಯ ಹೆಸರು ಮನೆಮಾತಾಗಿರಲಿಲ್ಲ. ಸೆರೆಮನೆಗೆ ಹೋದ ಹೆಂಗಸನ್ನು ಗೌರವಿಸುವ ವಾಡಿಕೆಯೂ ಇನ್ನೂ ಹುಟ್ಟಿರಲಿಲ್ಲ. ‘ರಾಷ್ಟ್ರನಾಯಕನ ಪತ್ನಿ’ ಎಂಬ ಬಿರುದು ಬರುವ ಮೊದಲೇ ಆಕೆ ಕೈದಿಯಾಗಿದ್ದರು.

ಅಧ್ಯಾಪಕನಾದ ನನಗೆ ಬಹಳ ಇಷ್ಟವಾದ ಭಾಗ 1917ರ ಚಂಪಾರಣ್ಯದ್ದು. ನೀಲಿ ಬೆಳೆಗಾರರ ಸಂಕಟದ ವಿಚಾರಣೆಗೆ ಹೋದ ಗಾಂಧೀಜಿ ಅಲ್ಲಿ ಕೆಲವು ಹಳ್ಳಿಶಾಲೆಗಳನ್ನು ತೆರೆದರು. ಕಲಿಸಲು ಬಂದ ಮಹಿಳೆಯರಲ್ಲಿ ಅವಂತಿಕಾಬಾಯಿ ಗೋಖಲೆಯವರಂಥ ವಿದ್ಯಾವಂತರಿದ್ದರು, ಬರೀ ಗುಜರಾತಿ ಅಕ್ಷರ ಬಲ್ಲವರಿದ್ದರು, ಅಷ್ಟೂ ಸರಿಯಾಗಿ ಬಾರದ ಕಸ್ತೂರಬಾ ಸಹ ಇದ್ದರು. ಹಿಂದಿ ಮಾತನಾಡುವ ಮಕ್ಕಳಿಗೆ ಇವರು ಏನು ಕಲಿಸಬೇಕು? ವ್ಯಾಕರಣಕ್ಕಿಂತ ಶುಚಿತ್ವ, ನಡೆನುಡಿಗಳನ್ನು ಕಲಿಸಿರೆಂದು ಗಾಂಧೀಜಿ ಹೇಳಿದರಂತೆ. ಬಿ.ಎಡ್. ತರಗತಿಯಲ್ಲಿ ಇಂತಹ ಪಾಠಕ್ರಮವನ್ನು ಯಾರೂ ನಮಗೆ ಬೋಧಿಸಲಿಲ್ಲ! ಬಟ್ಟೆ ಒಗೆದುಕೊಳ್ಳದ ಹೆಂಗಸರಿಗೆ ತಿಳಿಹೇಳಲು ಆಕೆ ಹೋದಾಗ, ಒಬ್ಬಳು ತನ್ನ ಗುಡಿಸಿಲೊಳಗೆ ಕರೆದೊಯ್ದು, ಮೈಮೇಲಿನ ಸೀರೆಯಲ್ಲದೆ ಬೇರೆ ಸೀರೆ ಇಲ್ಲವೆಂದು ತೋರಿಸಿದಳು. ಭಾಷಣಕಾರರಿಗೆ ತೆರೆಯದ ಆ ಗುಡಿಸಿಲ ಬಾಗಿಲು ಕಸ್ತೂರಬಾ ಅವರಿಗೆ ತೆರೆಯಿತು.

ನಮ್ಮ ನಾಡಿಗೂ ಆಕೆ ಬಂದಿದ್ದರು. 1927ರಲ್ಲಿ ಅಸ್ವಸ್ಥರಾದ ಗಾಂಧೀಜಿ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನ ಕುಮಾರಪಾರ್ಕಿನಲ್ಲಿಯೂ ವಿಶ್ರಾಂತಿ ಪಡೆದಾಗ ಜೊತೆಯಲ್ಲಿದ್ದರು. 1939ರ ರಾಜಕೋಟೆಯ ಸತ್ಯಾಗ್ರಹದಲ್ಲಿ ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಆಕೆ ಬಂಧನಕ್ಕೊಳಗಾದರು. 1942ರ ಆಗಸ್ಟ್ 9ರಂದು ಗಾಂಧೀಜಿಯ ಬಂಧನವಾದಾಗ, ಅವರು ಮಾತನಾಡಬೇಕಿದ್ದ ಮುಂಬಯಿಯ ಶಿವಾಜಿ ಪಾರ್ಕಿನ ಸಭೆಗೆ ತಾನೇ ಹೋಗುವೆನೆಂದು ಹೊರಟು ನಿಂತು ಸೆರೆಯಾದರು. ಪುಣೆಯ ಆಗಾಖಾನ್ ಅರಮನೆಯೇ ಕೊನೆಯ ಸೆರೆಮನೆಯಾಯಿತು.

ಆ ಸೆರೆಮನೆಯಲ್ಲಿ, ಎಪ್ಪತ್ತಮೂರು ದಾಟಿದ ಮೇಲೆ, ಬಾ ಮತ್ತೆ ವಿದ್ಯಾರ್ಥಿನಿಯಾದರು. ಮೇಷ್ಟ್ರು ಗಾಂಧೀಜಿ. ಭಾಷೆ, ಭೂಗೋಳ ಪಾಠಗಳು ನಡೆದವು. ಇಂದು ಬಾಯಿಪಾಠವಾದದ್ದು ನಾಳೆ ಮರೆತುಹೋಗುತ್ತಿತ್ತು. ಜೊತೆಗಿದ್ದ ಡಾ. ಸುಶೀಲಾ ನಯ್ಯರ್ ಅವರ ನೆನಪುಗಳಲ್ಲಿ ಒಂದು ಸಣ್ಣ ಪ್ರಸಂಗವಿದೆ. ಬರೆಯಲು ತಮಗೊಂದು ನೋಟ್ ಪುಸ್ತಕ ಬೇಕೆಂದು ಬಾ ಕೇಳಿದರು. ಸದ್ಯಕ್ಕೆ ಬಿಡಿ ಹಾಳೆಯಲ್ಲಿ ಬರೆ, ಅಕ್ಷರ ಸುಧಾರಿಸಿದ ಮೇಲೆ ಪುಸ್ತಕ ಕೊಡೋಣ ಎಂಬರ್ಥದಲ್ಲಿ ಬಾಪೂ ಉತ್ತರಿಸಿದರು. ಬಾ ನೊಂದುಕೊಂಡರು. ಆಮೇಲೆ ಪುಸ್ತಕ ಕೊಡಹೋದಾಗ ಆಕೆಗೆ ಅದು ಬೇಕಾಗಿರಲಿಲ್ಲ.

ಗಾಂಧೀಜಿಯ ಮೇಲೆ ನನಗಿರುವ ಭಕ್ತಿ ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಆದರೂ ಹೇಳುತ್ತೇನೆ, ಆ ದಿನ ಅವರು ಒಳ್ಳೆಯ ಮೇಷ್ಟ್ರಾಗಿರಲಿಲ್ಲ. ಕಾಗದ ಪೋಲಾಗಬಾರದೆಂಬ ಅವರ ನಿಯಮ ನನಗೆ ಅರ್ಥವಾಗುತ್ತದೆ. ಆದರೆ ದುಂಡಗಿನ ಅಕ್ಷರ ಬಂದವರಿಗೆ ಕೊಡುವ ಬಹುಮಾನವಲ್ಲ ಪುಸ್ತಕ. ಅದು ಬಾರದವರಿಗೇ ಮೊದಲು ಸಿಗಬೇಕಾದದ್ದು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ ಸತ್ತೇಗಾಲದಲ್ಲಿ ರಾತ್ರಿ ತರಗತಿ ನಡೆಸುತ್ತಿದ್ದೆವು. ಗದ್ದೆ ಕೆಲಸ ಮುಗಿಸಿ ಬಂದ ಅಜ್ಜಿಯೊಬ್ಬರ ಕೈಗೆ ಸ್ಲೇಟು ಕೊಟ್ಟಾಗ ಅವರು ಹಿಂದಕ್ಕೆ ನೀಡಿ, “ಸಿಲೇಟು ಬ್ಯಾಡ ಕನ ಮೇಷ್ಟ್ರೇ, ಪುಸ್ತ್ಕ ಕೊಡಿ. ಸಿಲೇಟ್ನಲ್ಲಿ ಬರ್ದದ್ದು ಅಳಿಸೋಯ್ತದೆ” ಎಂದರು. ಬಾ ಅವರ ನೋವು ಏನಿದ್ದಿರಬಹುದೆಂದು ಊಹಿಸಲು ಆ ಮಾತು ನನಗೆ ನೆರವಾಗುತ್ತದೆ.

1944ರ ಫೆಬ್ರವರಿ 22ರಂದು ಬಾ ತೀರಿಕೊಂಡರು. ಅಂದು ಮಹಾಶಿವರಾತ್ರಿ. ಮಳವಳ್ಳಿ ಕಡೆಯ ಭಕ್ತರು ನಮ್ಮ ಊರಿನ ಮಾರ್ಗವಾಗಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಕಾಲ. ಅದಕ್ಕೆ ಸರಿಯಾಗಿ ಮೂವತ್ತು ವರ್ಷ ಹಿಂದೆ, 1914ರ ಅದೇ ದಿನಾಂಕದಂದು, ದಕ್ಷಿಣ ಆಫ್ರಿಕದ ಸತ್ಯಾಗ್ರಹದಲ್ಲಿ ಸೆರೆ ಸೇರಿದ್ದ ಹದಿನಾರರ ತಮಿಳು ಬಾಲೆ ವಳ್ಳಿಯಮ್ಮೈ ತೀರಿಕೊಂಡಿದ್ದಳು. ಇಬ್ಬರನ್ನೂ ಒಟ್ಟಿಗೆ ನೆನೆಯುವುದು ನನ್ನ ರೂಢಿ.

ಬಾ ಅವರ ನೆನಪಿಗಾಗಿ ದೇಶ ಒಂದು ಕೋಟಿಗೂ ಮಿಕ್ಕಿ ಹಣ ಕೂಡಿಸಿತು. ಅದನ್ನು ಹಳ್ಳಿಗಾಡಿನ ಹೆಂಗಸರು ಮಕ್ಕಳಿಗಾಗಿಯೇ ಬಳಸಬೇಕೆಂದು ನಿಶ್ಚಯವಾಯಿತು. ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ನಿಧಿ ಹೀಗೆ ಹುಟ್ಟಿತು. ನಮ್ಮಲ್ಲಿ ಅದರ ಕೇಂದ್ರ ಅರಸೀಕೆರೆಯ ಕಸ್ತೂರಬಾಗ್ರಾಮ. ಅದನ್ನು ಕಟ್ಟಿದವರು ಯಶೋಧರಮ್ಮ ದಾಸಪ್ಪ. ಪತಿ ಎಚ್.ಸಿ. ದಾಸಪ್ಪನವರು ಮೈಸೂರು ಕಾಂಗ್ರೆಸ್ಸಿನ ಮುಂದಾಳು, ಮುಂದೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾದವರು. ಆದರೆ ಯಶೋಧರಮ್ಮನವರೂ ತಮ್ಮದೇ ದಾರಿ ಹಿಡಿದವರು: ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದು, ಪಾನನಿರೋಧವನ್ನು ಕೈಬಿಡುವ ಸರ್ಕಾರದ ನಿಲುವನ್ನು ಒಪ್ಪದೆ ಅಧಿಕಾರ ತೊರೆದರು. 1972ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

2004ರಲ್ಲಿ ಕೇಂದ್ರ ಸರ್ಕಾರ, ಶಿಕ್ಷಣದಲ್ಲಿ ಹಿಂದುಳಿದ ತಾಲ್ಲೂಕುಗಳ ಬಡ ಹೆಣ್ಣುಮಕ್ಕಳಿಗಾಗಿ ಆರರಿಂದ ಎಂಟನೆಯ ತರಗತಿಯವರೆಗಿನ ವಸತಿ ಶಾಲೆಗಳನ್ನು ತೆರೆದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೆಂದು ಕರೆಯಿತು. 2018ರ ನಂತರ ಹನ್ನೆರಡನೆಯ ತರಗತಿಯವರೆಗೂ ವಿಸ್ತರಿಸಲು ಅವಕಾಶವಾಗಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂತಹ ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿದ್ದಾಳೆ. ಮೊನ್ನೆ ದೂರವಾಣಿಯಲ್ಲಿ, “ಸಾರ್, ನಮ್ಮ ಶಾಲೆಯ ಬೋರ್ಡಿನಲ್ಲಿರುವ ಕಸ್ತೂರಬಾ ಏನು ಮಾಡಿದರು ಅಂತ ಮಕ್ಕಳು ಕೇಳುತ್ತಾರೆ. ಗಾಂಧೀಜಿಯ ಹೆಂಡತಿ ಅಂದರೆ ಸುಮ್ಮನಾಗುವುದಿಲ್ಲ. ಏನು ಹೇಳಲಿ?” ಎಂದಳು. ಇದನ್ನು ಅವಳಿಗೂ ಕಳುಹಿಸುತ್ತಿದ್ದೇನೆ.