ಅಂಗಳಕ್ಕೆ ಬಾರದ ಗಾಡಿ

ನಮ್ಮ ಮನೆಯಲ್ಲಿ ಒಂದು ಗಾಡಿಯ ಕುರಿತು ಎದ್ದ ಚರ್ಚೆ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು, ಕಾಫಿ ಕುಯಿಲು ಮುಗಿಯಿತು, ತಂಗಿಯ ಮದುವೆಯೂ ಆಯಿತು. ಗಾಡಿ ಕೊಳ್ಳಬೇಕೋ ಬೇಡವೋ ಎಂಬ ಮಾತು ಮಾತ್ರ ಊಟದ ಹಾಸಿನಿಂದ ಏಳಲೇ ಇಲ್ಲ.

ನಮ್ಮದು ಮೂಡಿಗೆರೆ ತಾಲೂಕಿನ ಒಂದು ಒಳ ಊರು. ಒಣಮೀನಿನ ಮೂಟೆ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಬಂದ ಅಜ್ಜ ಇಲ್ಲೇ ನೆಲೆ ನಿಂತರು. ಅವರ ಕಾಲದ ನಾಲ್ಕು ಎಕರೆ ತೋಟ, ಅದರಲ್ಲಿ ಕಾಫಿ, ಮೆಣಸು, ಒಂದಿಷ್ಟು ಅಡಿಕೆ. ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ಏರುದಾರಿ, ಮೂರು ತಿರುವು, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಈ ದಾರಿಯಲ್ಲಿ ಯಾವ ಗಾಡಿಯೂ ಬರುತ್ತದೆ. ಜೂನ್ ಕಳೆದರೆ ಜೀಪು ಮಾತ್ರ.

ಚರ್ಚೆಯ ಮೂಲ ಇರುವುದು 2019ರ ಆಗಸ್ಟ್ ಎರಡನೇ ವಾರದಲ್ಲಿ. ಆ ಮಳೆಯನ್ನು ಮಲೆನಾಡಿನವರು ಮರೆತಿಲ್ಲ. ಗುಡ್ಡಗಳು ಜರಿದವು, ಚಾರ್ಮಾಡಿ ಘಾಟಿ ಮುಚ್ಚಿತು. ಅಂತಹ ಒಂದು ರಾತ್ರಿ ಹತ್ತು ಗಂಟೆಗೆ ಊಟ ಮುಗಿಸಿ ಎದ್ದ ಉಪ್ಪ ಕೈಯಲ್ಲಿದ್ದ ಲೋಟ ಬೀಳಿಸಿದರು. ಮಾತು ತೊದಲಿತು. ದಣಿವಿರಬೇಕೆಂದು ಮಲಗಿಸಿದೆವು. ಮತ್ತೆ ನೋಡುವಾಗ ಬಾಯಿ ಒಂದು ಬದಿಗೆ ವಾಲಿತ್ತು, ಬಲಗೈ ಏಳುತ್ತಿರಲಿಲ್ಲ. ತಮ್ಮ ಕಾರು ತೆಗೆದ. ಎರಡನೇ ತಿರುವಿನಲ್ಲಿ ಅದು ಕೆಸರಿನಲ್ಲಿ ಹೂತುಕೊಂಡಿತು. ಮಳೆಯಲ್ಲಿ ಓಡಿ ಹೋಗಿ ಪಕ್ಕದ ತೋಟದ ಗೌಡರನ್ನು ಎಬ್ಬಿಸಿದೆವು. ಅವರು ಮರುಮಾತಾಡದೆ ತಮ್ಮ ಹಳೆಯ ಜೀಪು ತಂದರು. ದಾರಿಯಲ್ಲಿ ಮರ ಬಿದ್ದಿತ್ತು. ಚಿಕ್ಕಮಗಳೂರಿನ ಆಸ್ಪತ್ರೆ ಸೇರುವಾಗ ಬೆಳಗಿನ ಜಾವ ನಾಲ್ಕು ಗಂಟೆ.

"ಯಾವಾಗ ಶುರುವಾಯಿತು?" ಎಂದು ವೈದ್ಯರು ಕೇಳಿದರು. ಹತ್ತು ಗಂಟೆಗೆ ಎಂದೆವು. ಅವರು ಗಡಿಯಾರ ನೋಡಿ ಸುಮ್ಮನಾದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಇದೆಯೆಂದೂ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂದೂ ನಮಗೆ ತಿಳಿದದ್ದು ಆಗಲೇ. ಉಪ್ಪ ಬದುಕಿದರು. ಆದರೆ ಬಲಭಾಗ ಮತ್ತೆ ಅವರದ್ದಾಗಲಿಲ್ಲ, ಮಾತು ಮರಳಲಿಲ್ಲ. 2021ರಲ್ಲಿ ತೀರಿಕೊಂಡರು. ಜುಬೈಲಿನಲ್ಲಿದ್ದ ದೊಡ್ಡಣ್ಣನಿಗೆ ಬರಲಾಗಲಿಲ್ಲ. ಅದು ಕೊರೋನಾ ಕಾಲ, ನಿಯಮಿತ ವಿಮಾನ ಸಂಚಾರ ನಿಂತಿತ್ತು.

ಮರುವರ್ಷ ಮಾರ್ಚ್‌ನಲ್ಲಿ ಅಣ್ಣನ ಫೋನ್ ಬಂತು. "ಹೈಲಕ್ಸ್ ಇಂಡಿಯಾಕ್ಕೆ ಬಂದಿದೆ. ಅದೂ ನಮ್ಮ ಬಿಡದಿಯಲ್ಲೇ ಕಟ್ಟುತ್ತಾರಂತೆ. ಮನೆಗೆ ಒಂದು ತೆಗೆಯೋಣ."

ಗಲ್ಫ್‌ನಲ್ಲಿ ದುಡಿದವರಿಗೆ ಹೈಲಕ್ಸ್ ಎಂದರೇನೆಂದು ವಿವರಿಸಬೇಕಾಗಿಲ್ಲ. 1968ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಪಿಕಪ್ ಮರುಭೂಮಿಯ ಪ್ರತಿಯೊಂದು ಕೆಲಸದ ಜಾಗದಲ್ಲೂ ಕಾಣಸಿಗುತ್ತದೆ. ಅಣ್ಣ ಹತ್ತೊಂಬತ್ತು ವರ್ಷಗಳಿಂದ ಕಂಪನಿಯ ಹೈಲಕ್ಸ್‌ನಲ್ಲೇ ಸೈಟಿಗೆ ಹೋಗುತ್ತಿದ್ದಾರೆ, ಬಿಸಿಲಿನ ಮಧ್ಯಾಹ್ನ ಅದರ ನೆರಳಿನಲ್ಲೇ ಕುಬೂಸ್ ತಿಂದಿದ್ದಾರೆ. ಬ್ರಿಟನ್ನಿನ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ 2003ರಲ್ಲಿ ಒಂದು ಹಳೆಯ ಹೈಲಕ್ಸನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೊನೆಗೆ ಕೆಡವಲಿದ್ದ ಕಟ್ಟಡದ ತುದಿಗೇರಿಸಿ ಕಟ್ಟಡವನ್ನೇ ಉರುಳಿಸಿದ್ದರು. ಆಮೇಲೂ ಗಾಡಿ ಸ್ಟಾರ್ಟ್ ಆಯಿತು. ಆ ವೀಡಿಯೋವನ್ನು ಅಣ್ಣ ನಮಗೆ ಮೂರು ಬಾರಿ ಕಳುಹಿಸಿದರು.

ನಮಗೂ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. 2.8 ಲೀಟರ್ ಡೀಸೆಲ್ ಎಂಜಿನ್, 204 ಕುದುರೆ ಶಕ್ತಿ, ನಾಲ್ಕೂ ಚಕ್ರಗಳಿಗೆ ಎಳೆತ. 700 ಮಿಲಿಮೀಟರ್ ನೀರಿನಲ್ಲಿ ದಾಟಬಲ್ಲದೆಂದು ಕಂಪನಿ ಹೇಳುತ್ತದೆ. ನಮ್ಮ ಹಳ್ಳ ಜುಲೈಯಲ್ಲಿ ಅಷ್ಟೇ ಏರುತ್ತದೆ. ಆ ರಾತ್ರಿಯನ್ನು ಕಂಡವರಿಗೆ ಈ ಅಂಕಿ ಸಾಕಿತ್ತು.

ಬೆಲೆ ಕೇಳಿದಾಗ ಮನೆ ಎರಡು ಪಾಲಾಯಿತು. ಬಂದ ವರ್ಷ ಆರಂಭಿಕ ಬೆಲೆ 33.99 ಲಕ್ಷ. ಮರುವರ್ಷ ಅದು 30.40 ಲಕ್ಷಕ್ಕೆ ಇಳಿಯಿತು. ಆದರೆ ಅದು ಶೋರೂಮಿನ ಬೆಲೆ. ನಮ್ಮ ರಾಜ್ಯದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಖಾಸಗಿ ವಾಹನಕ್ಕೆ ಶೇ. 18 ಆಜೀವ ತೆರಿಗೆ. ಅಂದರೆ ತೆರಿಗೆಯೇ ಐದು ಲಕ್ಷ ದಾಟುತ್ತದೆ. ಅದರ ಮೇಲೆ ಸೆಸ್, ವಿಮೆ. ಬಡ್ಡಿಯ ಸಾಲ ಈ ಮನೆಗೆ ಬರಬಾರದೆಂಬುದು ಉಪ್ಪ ಹಾಕಿಕೊಟ್ಟ ಕಟ್ಟಳೆ. ಹಾಗಾದರೆ ಅಣ್ಣ ಊರಿಗೆ ಮರಳಿದಾಗ ಕೈಯಲ್ಲಿರಬೇಕಾದ ಹಣವೆಲ್ಲ ಅಂಗಳದಲ್ಲಿ ನಿಲ್ಲಬೇಕಾಗಿತ್ತು.

ಆದರೂ ಬರೇ ದುಡ್ಡಿನ ಲೆಕ್ಕದಿಂದ ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ಆದ್ದರಿಂದ ಗಾಡಿಯನ್ನೇ ನೋಡಿಬಿಡೋಣವೆಂದು ನಿರ್ಧರಿಸಿದೆವು. ಪರಿಚಯದ ಎಸ್ಟೇಟ್ ಮಾಲೀಕರೊಬ್ಬರು ಕೊಂಡಿದ್ದರು. ಒಂದು ಭಾನುವಾರ, ಒಳ್ಳೆಯ ಮಳೆಯಲ್ಲೇ, ಅವರೇ ಓಡಿಸಿಕೊಂಡು ಬಂದರು.

ಏರಿನಲ್ಲಿ ಗಾಡಿ ಉಸಿರು ಹೆಚ್ಚಿಸಲಿಲ್ಲ. ಕೆಸರಿನಲ್ಲಿ ಸಾಮಾನ್ಯ ಗಾಡಿ ಸೋಲುವುದಕ್ಕೆ ಕಾರಣವಿದೆ. ಒಂದು ಚಕ್ರ ಜಾರತೊಡಗಿದರೆ ಎಂಜಿನ್ನಿನ ಬಲ ಅಲ್ಲೇ ತಿರುಗಿ ವ್ಯರ್ಥವಾಗುತ್ತದೆ, ಹಿಡಿತವಿರುವ ಚಕ್ರಕ್ಕೆ ಹೋಗುವುದಿಲ್ಲ. ಇದರಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದಾಗಿ ತಿರುಗಿಸುವ ಲಾಕ್ ಇದೆ, ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಇದೆ. ನಮ್ಮ ಕಾರು ಹೂತಿದ್ದ ಎರಡನೇ ತಿರುವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮ್ಮನ ಕಣ್ಣು ತುಂಬಿ ಬಂತು. ಯಾರೂ ಏನೂ ಹೇಳಲಿಲ್ಲ.

ಮೂರನೇ ತಿರುವಿನಲ್ಲಿ ಗಾಡಿ ನಿಂತಿತು. ನಿಂತದ್ದು ಕೆಸರಿಗಲ್ಲ, ಉದ್ದಕ್ಕೆ. 5.3 ಮೀಟರ್ ಉದ್ದದ ಗಾಡಿ ತಿರುಗಲು 6.4 ಮೀಟರ್ ತ್ರಿಜ್ಯ ಬೇಕು. ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ. ಹಿಂದೆ ಮುಂದೆ, ಹಿಂದೆ ಮುಂದೆ ಎಂದು ನಾಲ್ಕು ಸಲ ಮಾಡಿ ಮೇಲೆ ಬಂತು. ಹಗಲಲ್ಲಿ, ನುರಿತ ಕೈಯಲ್ಲಿ ನಾಲ್ಕು ಸಲ. ರಾತ್ರಿ, ಗಾಬರಿಯಲ್ಲಿ?

ಉಮ್ಮನನ್ನು ಹತ್ತಿಸಿ ನೋಡಿದೆವು. ಮಂಡಿನೋವಿನ ಉಮ್ಮನಿಗೆ ಆ ಎತ್ತರಕ್ಕೆ ಕಾಲಿಡಲು ಇಬ್ಬರ ಹೆಗಲು ಬೇಕಾಯಿತು. ಹಿಂದಿನ ಸೀಟಿನಲ್ಲಿ ಕೂತು ಹಳ್ಳದವರೆಗೆ ಹೋಗಿ ಬಂದರು. ಲಾರಿಗಿರುವಂತಹ ಪಟ್ಟಿ ಸ್ಪ್ರಿಂಗ್, ಭಾರ ಹೊತ್ತಾಗ ಮೆತ್ತಗಾಗುತ್ತದೆ, ಖಾಲಿ ಇರುವಾಗ ಎತ್ತಿ ಹಾಕುತ್ತದೆ. "ಗಾಡಿ ಗಟ್ಟಿಯಿದೆ, ಆದರೆ ನಾನು ಗಟ್ಟಿಯಿಲ್ಲವಲ್ಲ ಮೋನೇ" ಎಂದರು ಉಮ್ಮ.

ಆಮೇಲೆ ತೋಟದ ಲೆಕ್ಕ. ಇಷ್ಟು ದೊಡ್ಡ ಗಾಡಿಯ ಹಿಂಭಾಗದಲ್ಲಿ ಹೊರಬಹುದಾದದ್ದು ಅರ್ಧ ಟನ್ನಿಗೂ ಕಡಿಮೆ. ಐವತ್ತು ಕಿಲೋದ ಕಾಫಿ ಚೀಲ ಎಂಟೋ ಒಂಬತ್ತೋ. ಅದರ ಅರ್ಧ ಬೆಲೆಯೂ ಇಲ್ಲದ ಸರಕಿನ ಪಿಕಪ್ ಟನ್ನಿಗೂ ಮೇಲೆ ಹೊರುತ್ತದೆ. ಮೇಲ್ಭಾಗ ತೆರೆದದ್ದಾದ್ದರಿಂದ ಮಳೆಗಾಲದಲ್ಲಿ ಗೊಬ್ಬರ ತರಲು ಟಾರ್ಪಾಲು ಬೇಕೇ ಬೇಕು. ಹಾಗಾದರೆ ಸರಕಿನ ಡಬಲ್ ಕ್ಯಾಬಿನನ್ನೇ ಕೊಳ್ಳೋಣವೆಂದು ತಮ್ಮ ಹೇಳಿದ. ಆಗ ಮನೆಯಲ್ಲಿ ಇನ್ನೊಂದು ಮಾತು ಎದ್ದಿತು, ಮತ್ತು ನಮ್ಮನ್ನು ಹೆಚ್ಚು ಕಾಡಿದ್ದು ಆ ಮಾತೇ.

ಪಿಕಪ್ ಇರುವ ಮನೆಯಲ್ಲಿ ಕೂಲಿಯವರು ಎಲ್ಲಿ ಕೂರುತ್ತಾರೆ? ಕುಯಿಲಿನ ಕಾಲದಲ್ಲಿ ಮಲೆನಾಡಿನ ಯಾವ ದಾರಿಯಲ್ಲಿ ನಿಂತು ನೋಡಿದರೂ ಉತ್ತರ ಸಿಗುತ್ತದೆ. ಹಿಂದೆ, ಸರಪಳಿ ಹಿಡಿದು, ನಿಂತುಕೊಂಡು. ಪಿಕಪ್ ಮಗುಚಿ ಕಾರ್ಮಿಕರು ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ನಾವು ಓದಿ ಪುಟ ತಿರುಗಿಸುತ್ತೇವೆ. ಸರಕಿನ ವಾಹನದಲ್ಲಿ ಪುಕ್ಕಟೆ ಪ್ರಯಾಣಿಸಿದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲೇ ತೀರ್ಪು ಕೊಟ್ಟಿದೆ. ಆ ಬಳಿಕ ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಲಿ ಎಂದೂ ಆದೇಶವಾಗಿದೆ. ಹೇಗಿದ್ದರೂ ಹೊಣೆ ಕೊನೆಗೆ ಮಾಲೀಕನ ತಲೆಗೇ. ಕಾನೂನಿನ ಮಾತು ಬಿಡಿ. ಬಾಡಿಗೆ ಪಿಕಪ್ಪಿನ ಹಿಂದೆ ನಾವೂ ನಮ್ಮ ತೋಟದ ಹೆಂಗಸರನ್ನು ಹತ್ತಿಸಿ ಕಳುಹಿಸಿದವರೇ. ಅದು ತಪ್ಪೆಂದು ಗೊತ್ತಿದ್ದೂ "ಎರಡೇ ಕಿಲೋಮೀಟರು ತಾನೆ" ಎಂದುಕೊಂಡವರೇ.

"ನಮ್ಮದೇ ಗಾಡಿ ಬಂದರೆ ದಿನಾ ಹತ್ತಿಸುತ್ತೀರಿ. ಬೇಡವೆಂದರೂ ಹತ್ತಿಸುತ್ತೀರಿ. ಅವರು ಮಳೆಯಲ್ಲಿ ಹಿಂದೆ, ನಾವು ಒಳಗೆ. ಆ ಗಾಡಿಯಲ್ಲಿ ನನಗೆ ಕೂರಲಾಗದು" ಎಂದರು ಉಮ್ಮ. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಆ ರಾತ್ರಿ ನಾನಿರಲಿಲ್ಲ. ಉಪ್ಪ ಹೋದಾಗಲೂ ಇರಲಿಲ್ಲ. ನನ್ನ ಬದಲಿಗೆ ಒಂದು ಗಾಡಿಯಾದರೂ ಮನೆಯಲ್ಲಿರಲಿ ಎಂದುಕೊಂಡೆ."

ಗಾಡಿ ಯಾಕೆ ಬೇಕೆಂದು ನಿಜವಾಗಿ ತಿಳಿದದ್ದು ಆಗ. ಅಷ್ಟು ತಿಂಗಳು ನಾವು ಉದ್ದ, ತೂಕ, ತೆರಿಗೆಯ ಕುರಿತು ವಾದಿಸುತ್ತಿದ್ದೆವು. ಅಣ್ಣ ಆ ರಾತ್ರಿಯ ಕುರಿತು ಮಾತಾಡುತ್ತಿದ್ದರು. ಹಾಗಾದರೆ ಲೆಕ್ಕವನ್ನೂ ಆ ರಾತ್ರಿಯದ್ದೇ ಮಾಡೋಣವೆಂದು ತಮ್ಮ, ಅತ್ತಿಗೆ, ಉಮ್ಮ ಎಲ್ಲರೂ ಕೂತು ಆ ಆರು ಗಂಟೆಗಳನ್ನು ಕಾಗದದ ಮೇಲೆ ಬರೆದೆವು. ಸುಲಭವಾಗಿರಲಿಲ್ಲ.

ಲೋಟ ಬಿದ್ದಾಗಿನಿಂದ ಇದು ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಎಂದು ನಮಗೆ ಅರ್ಥವಾಗುವವರೆಗೆ ಒಂದು ಗಂಟೆ ನಲವತ್ತೈದು ನಿಮಿಷ. ಕಾರು ಹೂತು, ಜೀಪು ಬರುವವರೆಗೆ ಐವತ್ತು ನಿಮಿಷ. ಬಿದ್ದ ಮರ ಕಡಿದು ದಾರಿ ಮಾಡಲು ಒಂದು ಗಂಟೆ ನಲವತ್ತು ನಿಮಿಷ. ಉಳಿದ ಒಂದು ಗಂಟೆ ನಲವತ್ತೈದು ನಿಮಿಷ ಪ್ರಯಾಣ.

ಮೂವತ್ತು ಲಕ್ಷದ ಗಾಡಿ ಆ ಐವತ್ತು ನಿಮಿಷವನ್ನು ಉಳಿಸುತ್ತಿತ್ತು. ಮರವನ್ನು ಅದೂ ದಾಟುತ್ತಿರಲಿಲ್ಲ. ಐವತ್ತು ನಿಮಿಷ ಕಳೆದರೂ ಐದು ಗಂಟೆ ಹತ್ತು ನಿಮಿಷ ಆಗುತ್ತಿತ್ತು. ನಾಲ್ಕೂವರೆಯ ಗಡಿ ಆಗಲೂ ದಾಟಿರುತ್ತಿತ್ತು. ಆದರೆ ಮೊದಲಿನ ಒಂದೂ ಮುಕ್ಕಾಲು ಗಂಟೆಯಲ್ಲಿ ಯಾರಿಗಾದರೂ ಅದು ಪಾರ್ಶ್ವವಾಯು ಎಂದು ಗೊತ್ತಾಗಿದ್ದರೆ, ಅದೇ ಹೂತ ಕಾರು, ಅದೇ ಹಳೆಯ ಜೀಪು, ಅದೇ ಮರ ಇದ್ದೂ ಸಮಯಕ್ಕೆ ತಲುಪುವ ಸಾಧ್ಯತೆ ಇತ್ತು. ಇದನ್ನು ಬರೆಯುವಾಗ ಕೈ ನಡುಗಿತು. ಗಾಡಿಯ ಮೇಲೆ ಹೊರಿಸಿದ್ದ ಭಾರ ನಮ್ಮ ಮೇಲೆಯೇ ಬಂತು. ಆದರೂ ಕಾಗದದ ಫೋಟೋ ತೆಗೆದು ಅಣ್ಣನಿಗೆ ಕಳುಹಿಸಿದೆವು.

ಎಂಟು ದಿನ ಉತ್ತರವಿರಲಿಲ್ಲ. ಒಂಬತ್ತನೆಯ ದಿನ ಒಂದು ಸಾಲು ಬಂತು. "ಹಾಗಾದರೆ ಮೊದಲು ದಾರಿ ಮಾಡಿಸಿ."

ದಾರಿ ಮಾಡಿಸಿದೆವು. ಅದೇ ದಾರಿಯಲ್ಲಿ ನಮ್ಮದಲ್ಲದೆ ಇನ್ನೂ ನಾಲ್ಕು ಮನೆಗಳಿವೆ, ಗೌಡರದ್ದೂ ಸೇರಿ. ಎಲ್ಲರೂ ಪಾಲು ಹಾಕಿದರು, ಪಂಚಾಯಿತಿಯಿಂದ ಹಳ್ಳಕ್ಕೆ ಮೋರಿ ಆಯಿತು. ದಾರಿಯ ಎರಡೂ ಬದಿ ಚರಂಡಿ ತೋಡಿಸಿ, ಏರಿನ ಮುನ್ನೂರು ಮೀಟರಿಗೆ ಚಕ್ರದ ಜಾಡಿನಷ್ಟೇ ಅಗಲಕ್ಕೆ ಎರಡು ಸಾಲು ಕಾಂಕ್ರೀಟ್ ಹಾಕಿಸಿದೆವು. ನೀರು ದಾರಿಯ ಮೇಲೆ ಹರಿಯುವುದು ನಿಂತರೆ ಕೆಸರು ಅರ್ಧ ಕಡಿಮೆ ಎಂದು ಗೌಡರು ಹೇಳಿದ್ದರು. ಮೊದಲ ಮಳೆಗೇ ಅದು ಸರಿಯೆಂದು ಕಂಡೆವು. ಈಗ ಆಗಸ್ಟ್‌ನಲ್ಲೂ 108ರ ಆಂಬುಲೆನ್ಸ್ ಮನೆಯ ಅಂಗಳಕ್ಕೆ ಬರುತ್ತದೆ. ಕಳೆದ ವರ್ಷ ಬಂತು ಕೂಡ, ನಮ್ಮ ಮನೆಗಲ್ಲ, ಮೇಲಿನ ಮನೆಯ ಬಾಣಂತಿಗೆ.

2023ರ ಕೊನೆಯಲ್ಲಿ ನಾಲ್ಕು ಚಕ್ರಗಳಿಗೂ ಎಳೆತವಿರುವ ಹಳೆಯ ಬೊಲೆರೊ ಒಂದನ್ನು ಕೊಂಡೆವು. ನಾಲ್ಕು ಮೀಟರಿನ ಆಸುಪಾಸಿನ ಗಾಡಿ, ಮೂರನೇ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ. ಉಮ್ಮನಿಗಾಗಿ ಒಂದು ಮೆಟ್ಟಿಲು ಕೂಡಿಸಿದ್ದೇವೆ. ಟೈರಿಗೆ ಮಾತ್ರ ಜಿಪುಣತನ ಮಾಡಲಿಲ್ಲ. ನುಣುಪು ಟೈರಿನ ಸಂದಿಗೆ ಕೆಂಪು ಮಣ್ಣು ತುಂಬಿದರೆ ಯಾವ ಎಂಜಿನ್ ಇದ್ದೂ ಪ್ರಯೋಜನವಿಲ್ಲ. ಕಾಫಿ ಚೀಲ ಸಾಗಿಸಲು ವರ್ಷಕ್ಕೆ ನಾಲ್ಕೈದು ಸಲ ಬಾಡಿಗೆ ಪಿಕಪ್ ಕರೆಯುತ್ತೇವೆ. ಅದರಲ್ಲಿ ಚೀಲ ಮಾತ್ರ ಹೋಗುತ್ತದೆ. ಕೆಲಸದ ಹೆಂಗಸರು ಬೊಲೆರೊದೊಳಗೆ ಕೂತು ಬರುತ್ತಾರೆ. ಎರಡು ಸಲ ಓಡಿಸಬೇಕಾಗುತ್ತದೆ, ಡೀಸೆಲ್ ಖರ್ಚಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅತ್ತಿಗೆಯದ್ದು. ತಮ್ಮ ಬೆಂಗಳೂರಿನಲ್ಲಿ, ಅಣ್ಣ ಜುಬೈಲಿನಲ್ಲಿ. ಮನೆಯಲ್ಲಿ ಓಡಿಸಲು ಜನವಿಲ್ಲದಿದ್ದರೆ ಎಂತಹ ಗಾಡಿ ಇದ್ದರೇನು? ಈ ಪ್ರಶ್ನೆ ಯಾಕೆ ಮೊದಲೇ ಹೊಳೆಯಲಿಲ್ಲವೆಂದು ಈಗ ನಾಚಿಕೆಯಾಗುತ್ತದೆ. ನಲವತ್ತೊಂದನೇ ವಯಸ್ಸಿನಲ್ಲಿ ಅವರು ಲೈಸೆನ್ಸ್ ಮಾಡಿಸಿದರು. ಊರಿನಲ್ಲಿ ಒಂದಿಬ್ಬರು ನಕ್ಕರು. ಮೇಲಿನ ಮನೆಯವರ ಮಗುವನ್ನು ಜ್ವರದಲ್ಲಿ ಮೂಡಿಗೆರೆಗೆ ಕರೆದೊಯ್ದ ಬಳಿಕ ನಗು ನಿಂತಿತು. ಅಡುಗೆಮನೆಯ ಗೋಡೆಯಲ್ಲಿ ಅವರೇ ಬರೆದು ಅಂಟಿಸಿದ ಕಾಗದವಿದೆ: ಬಾಯಿ ವಾಲಿದೆಯೇ, ಕೈ ಏಳುವುದೇ, ಮಾತು ತೊದಲುವುದೇ. ಒಂದಾದರೂ ಇದ್ದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ.

2024ರ ರಜೆಯಲ್ಲಿ ಅಣ್ಣ ಬಂದರು. ಬೊಲೆರೊವನ್ನು ಒಂದು ಸುತ್ತು ಓಡಿಸಿ, "ಸ್ಟೇರಿಂಗ್ ಗಟ್ಟಿ, ಸದ್ದು ಜಾಸ್ತಿ" ಎಂದರು. ಆಮೇಲೆ ಕೊಡೆ ಹಿಡಿದು ಒಬ್ಬರೇ ಎರಡನೇ ತಿರುವಿನವರೆಗೆ ನಡೆದು ಹೋದರು. ಕಾಂಕ್ರೀಟಿನ ಮೇಲೆ, ಚರಂಡಿಯ ನೀರು ಇಳಿಯುವುದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದರು. ನಾವು ಕರೆಯಲು ಹೋಗಲಿಲ್ಲ.

ಈಗಲೂ ಮೂಡಿಗೆರೆ ಪೇಟೆಯಲ್ಲಿ ಹೈಲಕ್ಸ್ ಎದುರಾದರೆ ನಾವೆಲ್ಲರೂ ಒಮ್ಮೆ ತಿರುಗಿ ನೋಡುತ್ತೇವೆ. ಒಳ್ಳೆಯ ಗಾಡಿ. ಉಮ್ಮ ಕೂಡ ನೋಡುತ್ತಾರೆ.