ಕಿಟ್ಟೆಲ್ ಇದ್ದ ಊರಿಗೆ ಅವ್ವನನ್ನು ಕಳಿಸುವ ಲೆಕ್ಕಾಚಾರ

ಅವ್ವನ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬಂದ ದಿನ ಪೋಸ್ಟ್‌ಮ್ಯಾನ್‌ಗೆ ಕಾಫಿ ಕುಡಿಸದೆ ಬಿಡಲಿಲ್ಲ. ಅವರು ಹೋದ ಮೇಲೆ ಅವ್ವ ಆ ನೀಲಿ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇ ಇಷ್ಟಕ್ಕೆ ಮೂರು ಸಲ ಹಾಸನಕ್ಕೆ ಓಡಾಡಿಸಿದ್ರಾ?" ಅಂದಳು.

ಮೂರು ಸಲ ಓಡಾಡಿದ್ದರಲ್ಲಿ ಯಾರದೂ ತಪ್ಪಿಲ್ಲ, ನಮ್ಮ ಕಾಗದಗಳದ್ದೇ ತಪ್ಪು. ಆಧಾರ್‌ನಲ್ಲಿ ಅವ್ವನ ಹೆಸರಿನ ಕೊನೆಗೆ 'ಅಮ್ಮ' ಇದೆ, ಮತದಾರರ ಚೀಟಿಯಲ್ಲಿ ಇಲ್ಲ. ಒಂದರಲ್ಲಿ ಹುಟ್ಟಿದ ದಿನ ಜನವರಿ 1, ಇನ್ನೊಂದರಲ್ಲಿ ಬರೀ ಇಸವಿ. ನಿಮ್ಮ ಮನೆಯ ಹಿರಿಯರದ್ದೂ ಹೀಗೇ ಇರುತ್ತದೆ, ಒಮ್ಮೆ ತೆಗೆದು ನೋಡಿ. ಜರ್ಮನಿಗೆ ಹೋಗದಿದ್ದರೂ ಪಿಂಚಣಿಗಾದರೂ ಬೇಕಾಗುತ್ತದೆ.

ನಾವು ಅಂದರೆ ಅಕ್ಕ ತಂಗಿ. ದೊಡ್ಡವಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದೆ. ಚಿಕ್ಕವಳು ಸಾಲಗಾಮೆಯ ಮನೆಯಲ್ಲಿ ಅವ್ವನ ಜತೆ ಇದ್ದಾಳೆ. ಇಬ್ಬರೂ ಓದಿದ್ದು ಪತ್ರಿಕೋದ್ಯಮ, ಇಬ್ಬರೂ ಬದುಕುತ್ತಿರುವುದು ಹೆಚ್ಚಾಗಿ ಬೇರೆಯದರಲ್ಲಿ. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ತಿದ್ದುವುದು ಕಾಲೇಜಿನಿಂದ ಬಂದ ಅಭ್ಯಾಸ. ಇದನ್ನೂ ಹಾಗೇ ಬರೆದಿದ್ದೇವೆ.

ನಮಗೊಬ್ಬ ಅಣ್ಣ. ಸ್ಟುಟ್‌ಗಾರ್ಟ್ ಎಂಬ ಊರಲ್ಲಿ ಎಂಜಿನಿಯರು. ಅವನು ಹೋಗಿ ಒಂಬತ್ತು ವರ್ಷವಾಯಿತು. ಅಪ್ಪ ತೀರಿಕೊಂಡದ್ದು ಕೊರೊನಾ ಕಾಲದಲ್ಲಿ. ವಿಮಾನ ಇರಲಿಲ್ಲ, ಅವನು ಫೋನಿನಲ್ಲೇ ಎಲ್ಲ ನೋಡಿದ. ಅವನ ಮಗಳಿಗೀಗ ಆರು ವರ್ಷ. ಅವಳು ಹುಟ್ಟಿದ ಮೇಲೆ ಒಂದೇ ಒಂದು ಸಲ ಊರಿಗೆ ಬಂದಿದ್ದಾಳೆ, ಹತ್ತು ದಿನ.

ಭಾನುವಾರ ಸಂಜೆ ವಿಡಿಯೋ ಕಾಲ್ ಬರುತ್ತದೆ. ಅವ್ವ "ಊಟ ಆಯ್ತಾ ಮಗ" ಅಂತ ಕೇಳಿದರೆ ಆ ಮಗು "ಯಾ" ಅನ್ನುತ್ತದೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಜರ್ಮನ್. ಅಜ್ಜಿಗೆ ಅವರ ಭಾಷೆಯಲ್ಲಿ 'ಓಮಾ' ಅನ್ನುತ್ತಾರೆ. ಅವ್ವನ ಕಿವಿಗೆ ಅದು 'ಓ ಅಮ್ಮ' ಅಂತ ಬೀಳುತ್ತದೆ, ಅವಳೂ "ಓ" ಅನ್ನುತ್ತಾಳೆ. ನಾವು ತಿದ್ದಲು ಹೋಗಿಲ್ಲ.

ಹೋದ ವರ್ಷ ಅಣ್ಣ, "ಅವ್ವನ ಕರ್ಕೊಂಡು ಒಂದ್ಸಲ ಬಂದು ಹೋಗ್ರೇ, ಆಮೇಲೆ ಅವಳ ಮೊಣಕಾಲು ಕೇಳಲ್ಲ" ಅಂದ. ಅಲ್ಲಿಂದ ಶುರುವಾಯಿತು. ಏನೇನು ತೋರಿಸಬೇಕು ಅಂತ ಅವನೇ ಪಟ್ಟಿ ಕಳಿಸಿದ. ಮೊದಲ ಹೆಸರು ಹೈಡೆಲ್‌ಬರ್ಗ್: ನೆಕ್ಕಾರ್ ನದಿ ದಂಡೆಯ ಕೋಟೆ ಊರು, ಹೋದವರೆಲ್ಲ ಫೋಟೋ ಹಾಕುವ ಜಾಗ. ದೊಡ್ಡವಳು ಅದನ್ನು ಹೊಡೆದುಹಾಕಿ ಅದೇ ನದಿಯ ಮೇಲಿನ ಇನ್ನೆರಡು ಊರು ಬರೆದಳು: ಎಸ್ಲಿಂಗನ್, ಟ್ಯೂಬಿಂಗನ್.

ಯಾಕೆ ಅಂತ ಹೇಳಬೇಕು. ಕನ್ನಡದ ಮೊದಲ ಪತ್ರಿಕೆ ಯಾವುದು, ಸಂಪಾದಕರು ಯಾರು ಎಂಬುದು ನಾವು ಓದುವಾಗ ಎರಡು ಅಂಕದ ಪ್ರಶ್ನೆ. 'ಮಂಗಳೂರ ಸಮಾಚಾರ', 1843ರ ಜುಲೈ 1, ಹೆರ್ಮನ್ ಮೋಗ್ಲಿಂಗ್, ಕಲ್ಲಚ್ಚಿನ ಮುದ್ರಣ. ಅದರಿಂದಲೇ ಜುಲೈ 1 ನಮಗೆ ಪತ್ರಿಕಾ ದಿನ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇಷ್ಟು ಬರೆದರೆ ಅಂಕ ಪೂರ್ತಿ. ಆ ಮನುಷ್ಯ ಓದಿದ್ದು ಟ್ಯೂಬಿಂಗನ್‌ನಲ್ಲಿ, ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಗೌರವ ಡಾಕ್ಟರೇಟ್ ಪಡೆದದ್ದು ಅದೇ ವಿಶ್ವವಿದ್ಯಾಲಯದಿಂದ, 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಇದನ್ನು ಯಾರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಲಿಲ್ಲ, ನಾವೂ ಹುಡುಕಲಿಲ್ಲ. ಅಣ್ಣನ ಮನೆಯಿಂದ ಎಸ್ಲಿಂಗನ್‌ಗೆ ಲೋಕಲ್ ಟ್ರೇನಿನಲ್ಲಿ ಹೋಗಿ ಬರಬಹುದಂತೆ. ಒಂಬತ್ತು ವರ್ಷದಿಂದ ಅಲ್ಲೇ ಇರುವ ಅಣ್ಣನಿಗೆ ಮೋಗ್ಲಿಂಗ್ ಹೆಸರೇ ಗೊತ್ತಿರಲಿಲ್ಲ. ಬೈಯುವ ಹಾಗಿಲ್ಲ, ಅವನು ಓದಿದ್ದು ಮೆಕ್ಯಾನಿಕಲ್ಲು.

ಇನ್ನೊಬ್ಬರು ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಎಲ್ಲ ಕಡೆ ಇದ್ದರು. ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಆಯುಷ್ಯದ ಬಹುಪಾಲು ಹೋದದ್ದು ಕನ್ನಡದ ಪದ ಕೂಡಿಹಾಕುವುದಕ್ಕೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದ ಇವೆ. ಕೊನೆಗಾಲದಲ್ಲಿ ಟ್ಯೂಬಿಂಗನ್‌ನಲ್ಲಿ ನೆಲೆಸಿದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೂ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು.

ಆ ನಿಘಂಟು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ಓದಬಹುದು. ಫೈಲು ದೊಡ್ಡದು, ವೈಫೈ ಇರುವ ಕಡೆ ಇಳಿಸಿಕೊಳ್ಳಿ. ಗಾದೆಗಳಿಗೆ ಅದರಲ್ಲಿ ಬೇರೆ ಗುರುತೇ ಇದೆ. ಮೈಸೂರು ಸೀಮೆಯಲ್ಲಿ ಬಳಕೆ ಇದೆ ಅನ್ನುವುದಕ್ಕೂ ಒಂದು ಗುರುತಿದೆ. ಒಂದು ರಾತ್ರಿ ಅವ್ವನನ್ನು ಕೂರಿಸಿಕೊಂಡು ಪದ ಹುಡುಕುವ ಆಟ ಆಡಿದೆವು. ಅವಳು 'ಮೇಟಿ' ಅಂದಳು. ಕಣದ ನಡುವೆ ನೆಟ್ಟು ಎತ್ತು ಕಟ್ಟಿ ತುಳಿಸುತ್ತಿದ್ದ ಕಂಬ. ನಮ್ಮಲ್ಲಿ ಕಣ ಹೋಗಿ ಎಷ್ಟೋ ಕಾಲವಾಯಿತು, ಈಗ ರಾಗಿ ಡಾಂಬರು ರಸ್ತೆ ಮೇಲೆ ಹರಡಿ ಬರುವ ಹೋಗುವ ಗಾಡಿಯಿಂದ ಒಕ್ಕಣೆ. ಪದ ಮಾತ್ರ ಆ ಪುಸ್ತಕದಲ್ಲಿ ಇತ್ತು. ಅವ್ವ ನಂಬಲಿಲ್ಲ. "ಆ ಬಿಳೀ ಮನ್ಸ ಮೇಟೀನ ಎಲ್ಲಿ ನೋಡಿದ್ನೋ" ಅಂದಳು. ಆಮೇಲೆ ಒಂದೊಂದೇ ಪದ ಹೇಳುತ್ತಾ ಹೋದಳು, ಹನ್ನೊಂದು ಗಂಟೆಯಾದರೂ ಮಲಗಲಿಲ್ಲ.

ಅವಳಿಗೆ ಕಿಟ್ಟೆಲ್ ಹತ್ತಿರದವರಾಗಲು ಇನ್ನೊಂದು ಕಾರಣ ಇದೆ. ನಮ್ಮ ಕೊಟ್ಟಿಗೆಗೆ ಹೊದಿಸಿರುವುದು ಮಂಗಳೂರು ಹೆಂಚು. ಒಂದೆರಡು ಹಳೇ ಹೆಂಚಿನ ಒಳಮೈಯಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು ಇದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಮಿಷನ್ನು. "ಹಂಗಾರೆ ನಮ್ಮ ಕೊಟ್ಗೆ ಹೆಂಚಿನೋರ ಊರು ಅನ್ನು" ಅಂದಳು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿ ಗಡಿಯಲ್ಲಿ. ಅಷ್ಟು ವಿವರಕ್ಕೆ ಹೋಗಲಿಲ್ಲ. ಹೊರಡಲು ಮನಸ್ಸು ಮಾಡಿದಳಲ್ಲ, ಸಾಕು.

ಯಾವಾಗ ಹೋಗುವುದು? ಅಣ್ಣ ಡಿಸೆಂಬರ್ ಅಂದ, ಕ್ರಿಸ್‌ಮಸ್ ರಜೆ. ಆಗ ಅಲ್ಲಿ ಹಿಮ, ಇಲ್ಲಿ ರಾಗಿ ಕೊಯ್ಲು. ಜೂನ್ ಅಂದ, ಮಗುವಿಗೆ ರಜೆ. ಆಗ ಇಲ್ಲಿ ಆಲೂಗಡ್ಡೆ ಬಿತ್ತನೆ. ಹಾಸನದ ರೈತನಿಗೆ ಮೇ ಕೊನೆ, ಜೂನಿನಲ್ಲಿ ಊರು ಬಿಡು ಅಂದರೆ ಮದುವೆ ಮನೆಯಲ್ಲಿ ಅಡುಗೆಯವನನ್ನು ಕಳಿಸಿಕೊಡು ಅಂದ ಹಾಗೆ. ಶುಂಠಿ ಕಿತ್ತು ಮಾರಿ, ಯುಗಾದಿ ಕಳೆದು, ಕೃತ್ತಿಕೆ ಮಳೆ ಹಿಡಿಯುವ ಮುಂಚೆ ವಾಪಸ್ ಬರುವ ಹಾಗೆ ಏಪ್ರಿಲ್ ಮಧ್ಯದಿಂದ ಮೂರು ವಾರ ಗೊತ್ತು ಮಾಡಿದೆವು. ಅಲ್ಲಿ ಅದು ವಸಂತ. ನದಿಯಲ್ಲಿ ದೋಣಿ ಬಿಡುವುದೂ ಆಗಲೇ ಶುರು.

ಕಾಗದ ಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇವೆ, ನಿಮ್ಮ ಮಕ್ಕಳೂ ಎಲ್ಲೆಲ್ಲೋ ಇದ್ದಾರೆ. ಶೆಂಗೆನ್ ವೀಸಾ ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ, 90 ದಿನದವರೆಗೆ. ಹೊರಡುವ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು, ಕೊನೆಗೆ 15 ದಿನವಾದರೂ ಇರಬೇಕು. ಶುಲ್ಕ ದೊಡ್ಡವರಿಗೆ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅಲ್ಲಿ ಕರೆಸಿಕೊಳ್ಳುವವರು ಅವರ ಊರಿನ ಕಚೇರಿಯಲ್ಲಿ 'ಇವರು ಇಲ್ಲಿದ್ದಷ್ಟು ದಿನದ ಖರ್ಚು ನನ್ನದು' ಅಂತ ಮುಚ್ಚಳಿಕೆ ಬರೆದು ಕಳಿಸಿದರೆ ಅನುಕೂಲ. ಇದನ್ನು ಕೇಳಿ ಅವ್ವ, "ಮಗ ಅವ್ವಂಗೆ ಜಾಮೀನು ನಿಲ್ತಾನಾ?" ಅಂತ ಗಂಟೆಗಟ್ಟಲೆ ಗೊಣಗಿದಳು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಸಾಕ್ಷಿ? ಸಂಬಳದವರು ಸಂಬಳದ ಚೀಟಿ, ರಜೆ ಪತ್ರ ಕೊಡುತ್ತಾರೆ. ನಮ್ಮ ಹತ್ತಿರ ಇರುವುದು ಪಹಣಿ, ತಹಶೀಲ್ದಾರರ ಆದಾಯ ಪತ್ರ, ಡೇರಿಯ ಹಾಲಿನ ಲೆಕ್ಕದ ಪುಸ್ತಕ, ಶುಂಠಿ ದುಡ್ಡು ಬಂದ ಬ್ಯಾಂಕ್ ಪಾಸ್‌ಬುಕ್. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಮಾಡಿಸಿದೆವು. 'ಹಸು ಕಟ್ಟಾಕ್ಬಂದಿದೀನಿ, ಬರ್ದೆ ಇನ್ನೆಲ್ಲಿಗೋಗ್ಲಿ ಅಂತ ಬರಿ' ಅಂತ ಅವ್ವನ ಸಲಹೆ. ನಿಜ ಹೇಳಬೇಕೆಂದರೆ ನಾವು ಬರೆದ ಪತ್ರದ ಸಾರವೂ ಅದೇ.

ಇನ್ನು ದುಡ್ಡು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗಿ ಬರಲು ನಾವು ನೋಡಿದ ದಿನ ಒಬ್ಬರಿಗೆ 65 ಸಾವಿರ ಇತ್ತು. ವೀಸಾ, ವಿಮೆ, ಬೆಂಗಳೂರಿನ ಓಡಾಟ ಸೇರಿ ತಲೆಗೆ ಒಂದು ಲಕ್ಷ ಹಿಡಿಯಬೇಕು. ಅಣ್ಣ ಟಿಕೆಟ್ ತೆಗೆಸುತ್ತೇನೆ ಅಂದ. ಅವ್ವ ಒಪ್ಪಲಿಲ್ಲ, ಅವನ ಮನೆ ಸಾಲ ಅವಳಿಗೆ ಗೊತ್ತು. ಶುಂಠಿ ದುಡ್ಡಿನಲ್ಲಿ ಹೊಸ ಬೋರ್ ಕೊರೆಸುವುದಿತ್ತು. ಬೋರ್ ಮುಂದಕ್ಕೆ ಹಾಕಿದರೂ ಇಬ್ಬರಿಗೆ ಆಗುತ್ತದೆ, ಮೂವರಿಗೆ ಆಗುವುದಿಲ್ಲ. ಅವ್ವ ಒಬ್ಬಳೇ ಹೋಗುವ ಹಾಗಿಲ್ಲ.

ಹಾಗಾದರೆ ನಮ್ಮಿಬ್ಬರಲ್ಲಿ ಯಾರು?

ಕಿಟ್ಟೆಲ್ ಹುಚ್ಚು ಇದ್ದದ್ದು ದೊಡ್ಡವಳಿಗೆ. ಟ್ಯೂಬಿಂಗನ್ ಹೆಸರು ಪಟ್ಟಿಗೆ ಸೇರಿಸಿದವಳೂ ಅವಳೇ. ಆದರೆ ಏಪ್ರಿಲ್‌ನಲ್ಲಿ ಅವಳ ಮಕ್ಕಳಿಗೆ ಬೇಸಿಗೆ ರಜೆ, ಅವರನ್ನು ಕಟ್ಟಿಕೊಂಡು ಸಾಲಗಾಮೆಗೆ ಬಂದು ಹಸು ನೋಡಿಕೊಳ್ಳಬಲ್ಲವಳೂ ಅವಳೊಬ್ಬಳೇ. ಚಿಕ್ಕವಳು "ನೀನೇ ಹೋಗಕ್ಕ" ಅಂದಳು. ಅವಳು "ನಿಂಗೆ ಇಂಗ್ಲಿಷ್ ಚೆನ್ನಾಗೈತೆ, ಅವ್ವಂಗೆ ಮಾತ್ರೆ ಕೊಡೋದು ನಿಂಗೆ ರೂಢಿ" ಅಂದಳು. ಎರಡು ದಿನ ಹೀಗೇ ನಡೆಯಿತು. ಕೊನೆಗೆ ದೊಡ್ಡವಳು ಹೊಳೆನರಸೀಪುರದಿಂದ ಫೋನ್ ಮಾಡಿ, "ನಂಗೆ ಹೇಮಾವತಿ ದಂಡೇನೇ ಸಾಕು, ನೀನು ನೆಕ್ಕಾರ್ ನೋಡ್ಕೊಂಡು ಬಾ" ಅಂತ ನಕ್ಕಳು. ನಕ್ಕದ್ದು ಸರಿಯಾಗಿ ಬರಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತಲೂ ನಮ್ಮಲ್ಲಿ ಚರ್ಚೆಯಾಯಿತು. ಬರೆದಿದ್ದೇವೆ.

ಅದಕ್ಕೆ ಬದಲಾಗಿ ಚಿಕ್ಕವಳ ಕೈಗೆ ಒಂದು ಉದ್ದದ ಪಟ್ಟಿ ಬಂದಿದೆ. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ಟ್ರೇನಿನಲ್ಲಿ ಸುಮಾರು ಒಂದು ಗಂಟೆ. ಮೊದಲು ಸೇತುವೆ ಮೇಲೆ ನಿಂತು ನದಿಯನ್ನು ಪೂರ್ತಿ ವಿಡಿಯೋ ಮಾಡಬೇಕು. ಅಲ್ಲಿ ದಂಡೆಯಲ್ಲೇ ಹಳದಿ ಬಣ್ಣದ ಗೋಪುರದಂಥ ಮನೆ ಇದೆ. ಹೋಲ್ಡರ್ಲಿನ್ ಎಂಬ ದೊಡ್ಡ ಕವಿ, ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ 36 ವರ್ಷ ಅಲ್ಲೇ ಇದ್ದು, 1843ರ ಜೂನ್ 7ರಂದು ತೀರಿಕೊಂಡ. ಅಲ್ಲಿಂದ 24 ದಿನಕ್ಕೆ ಮಂಗಳೂರಿನಲ್ಲಿ ನಮ್ಮ ಮೊದಲ ಪತ್ರಿಕೆ ಹೊರಬಂತು. ಒಂದಕ್ಕೊಂದು ಸಂಬಂಧವೇನಿಲ್ಲ, ಆದರೂ ಮೋಗ್ಲಿಂಗ್ ಅದೇ ಊರಲ್ಲಿ ಓದುತ್ತಿದ್ದಾಗ ಆ ಕವಿ ಅದೇ ಮನೆಯಲ್ಲಿದ್ದನಲ್ಲ ಅಂತ ದೊಡ್ಡವಳ ಕುತೂಹಲ. ಆ ಗೋಪುರದ ಫೋಟೋ ಬೇಕಂತೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ನಮ್ಮೂರಿನವರು ಎಂದು ಹೇಳಿ, ಮಂಗಳೂರಲ್ಲಿ ಅಚ್ಚಾದ ಹಳೇ ಕನ್ನಡ ಪುಸ್ತಕ ಒಂದನ್ನಾದರೂ ಕಣ್ಣಿಂದ ನೋಡಬೇಕು. ಅವರು ಗುಂಡರ್ಟ್ ಪೋರ್ಟಲ್ ಅಂತ ತಾಣ ಮಾಡಿ ಮಲಯಾಳಂ ಪುಸ್ತಕಗಳ ಜತೆ ಕನ್ನಡ, ತುಳು ಪುಸ್ತಕಗಳನ್ನೂ ಹಾಕಿದ್ದಾರೆ. ಹೋಗುವ ಮುಂಚೆ ಇಮೇಲ್ ಕಳಿಸಬೇಕು, ಅದನ್ನು ದೊಡ್ಡವಳೇ ಬರೆದಿಟ್ಟಿದ್ದಾಳೆ.

ಪಟ್ಟಿಯ ಕೊನೆಗೆ: ಮಗುವನ್ನೂ ಕರೆದುಕೊಂಡು ಹೋಗು. ಅಷ್ಟೇ ಬರೆದಿದ್ದಾಳೆ, ಯಾಕೆ ಅಂತ ಬರೆದಿಲ್ಲ.

ದೋಣಿ ಹತ್ತುವುದನ್ನು ಮಾತ್ರ ಅವ್ವ ಖಂಡಿತ ಆಗಲ್ಲ ಅಂದಿದ್ದಾಳೆ. ಟ್ಯೂಬಿಂಗನ್‌ನಲ್ಲಿ ಹುಟ್ಟು ಹಾಕುವುದಿಲ್ಲ, ಉದ್ದ ಕೋಲನ್ನು ನದಿಯ ತಳಕ್ಕೆ ಊರಿ ದೋಣಿ ತಳ್ಳುತ್ತಾರೆ. ವಿಡಿಯೋ ತೋರಿಸಿದರೆ, "ರಾಮನಾಥಪುರದಾಗೆ ಹೊಳೆ ದಡದಲ್ಲಿ ನಿಂತು ಮೀನಿಗೆ ಪುರಿ ಹಾಕಿದ್ದೇ ಸಾಕು, ದಡದಲ್ಲೇ ಕೂತಿರ್ತೀನಿ" ಅಂದಳು.

ಬರಿಗೈಲಿ ಹೋಗುವುದುಂಟೇ? ಅವ್ವ ಎರಡು ತಿಂಗಳಿಂದ ಬೆಣ್ಣೆ ಕೂಡಿಟ್ಟು ತುಪ್ಪ ಕಾಯಿಸಿದ್ದಳು. ಆಮೇಲೆ ಗೊತ್ತಾಯಿತು, ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪಿನೊಳಕ್ಕೆ ಒಯ್ಯುವ ಹಾಗಿಲ್ಲ. ತುಪ್ಪ ಇಲ್ಲ, ಪೇಡ ಇಲ್ಲ, ತುಪ್ಪ ಹಾಕಿದ ಮೈಸೂರ್ ಪಾಕೂ ಇಲ್ಲ. ರಾಗಿ ಹಿಟ್ಟು, ಹಪ್ಪಳ, ಸಾರಿನ ಪುಡಿಗೆ ಚೀಲದಲ್ಲಿ ಜಾಗ ಕೊಟ್ಟಿದ್ದೇವೆ. ತುಪ್ಪದ ಡಬ್ಬಿ ಅಟ್ಟಕ್ಕೆ ಹೋಯಿತು. ಅವ್ವ ಒಂದು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಈಗ ಉಳಿದಿರುವ ಭಯ ಒಂದೇ. ವೀಸಾ ಅರ್ಜಿ ಕೊಡುವಾಗ ಬೆಂಗಳೂರಿನಲ್ಲಿ ಹತ್ತೂ ಬೆರಳಿನ ಅಚ್ಚು ತೆಗೆಯುತ್ತಾರೆ. ಅವ್ವನ ಬೆರಳು ನ್ಯಾಯಬೆಲೆ ಅಂಗಡಿಯ ಮಿಷನ್ನಿನಲ್ಲೇ ಮೂಡುವುದಿಲ್ಲ. ನಲವತ್ತು ವರ್ಷ ಕಳೆ ಕಿತ್ತು, ಹಾಲು ಕರೆದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಗೆರೆಗಳು ಸವೆದು ನುಣ್ಣಗಾಗಿವೆ. ತಿಂಗಳಿಗೊಂದು ಸಲ ಅಂಗಡಿಯವರು "ಒರೆಸ್ಕಂಡು ಇನ್ನೊಂದ್ಸಲ ಇಡಮ್ಮ" ಅನ್ನುವುದನ್ನು ಕೇಳಿ ಕೇಳಿ ಅವಳಿಗೂ ಅದೇ ಚಿಂತೆ.

ಅರ್ಜಿ ಕೊಡುವ ದಿನ ಬರುವ ಮಂಗಳವಾರ. ಹದಿನೈದು ದಿನದಿಂದ ಅವ್ವನಿಗೆ ಪಾತ್ರೆ ಮುಟ್ಟಲು ಬಿಟ್ಟಿಲ್ಲ, ಹಾಲು ಕರೆಯುವುದೂ ಚಿಕ್ಕವಳೇ. ರಾತ್ರಿ ಊಟವಾದ ಮೇಲೆ ಅಟ್ಟದಿಂದ ಆ ತುಪ್ಪದ ಡಬ್ಬಿ ಇಳಿಯುತ್ತದೆ. ಅವ್ವ ಹೊಸ್ತಿಲ ಮೇಲೆ ಕೂತು, ಒಂದೊಂದೇ ಬೆರಳಿಗೆ ಸವರಿ, ದೀಪದ ಬೆಳಕಿಗೆ ಹಿಡಿದು ಗೆರೆ ಬಂತೇ ಅಂತ ನೋಡುತ್ತಾಳೆ.